ಬೋಲ್ಟು ಇಲ್ಲದ ದೈತ್ಯ

ಫ್ರಾಂಕೆನ್‌ಸ್ಟೈನ್ ಎಂದೊಡನೆ ಕಣ್ಣಿಗೆ ಕಟ್ಟುವುದು ಚಪ್ಪಟೆ ನೆತ್ತಿ, ಕತ್ತಿನ ಪಕ್ಕದ ಬೋಲ್ಟು. ಮೇರಿ ಶೆಲ್ಲಿಯ 1818ರ ಕಾದಂಬರಿಯಲ್ಲಿ ಇವೆರಡೂ ಇಲ್ಲ. ಇದು 1931ರ ಹಾಲಿವುಡ್ ಚಿತ್ರಕ್ಕೆಂದು ಬೋರಿಸ್ ಕಾರ್ಲಾಫ್‌ಗೆ ಹಾಕಿದ ಮೇಕಪ್ಪು. ಅದಕ್ಕೂ 16 ವರ್ಷ ಮೊದಲೇ, 1915ರಲ್ಲಿ, ಅಮೆರಿಕದ ಜೋಸೆಫ್ ಸ್ಮೈಲಿ ಇದೇ ಕಥೆಯನ್ನು ‘ಲೈಫ್ ವಿದೌಟ್ ಸೋಲ್’ ಎಂಬ ಐದು ರೀಲಿನ ಮೂಕಿಚಿತ್ರವಾಗಿಸಿದ್ದರು. ಉಳಿದಿರುವ ಸ್ಥಿರಚಿತ್ರಗಳಲ್ಲಿ ದೈತ್ಯನ ಪಾತ್ರಧಾರಿ ಪರ್ಸಿ ಸ್ಟ್ಯಾಂಡಿಂಗ್ ಹೆಚ್ಚುಕಡಿಮೆ ಮಾಮೂಲಿ ಮನುಷ್ಯನಂತೆಯೇ ಕಾಣುತ್ತಾರೆ. ಭಯ ಹುಟ್ಟಿಸಲು ವಿಕಾರ ಮುಖವೇ ಬೇಕೆಂಬ ನಂಬಿಕೆ ಆಗಿನ್ನೂ ಗಟ್ಟಿಯಾಗಿರಲಿಲ್ಲ. ಈ ಚಿತ್ರ ಇಂದು ಉಳಿದಿಲ್ಲ; ಅದರೊಂದಿಗೆ ಕಳೆದುಹೋದದ್ದು ವಿಕಾರವಿಲ್ಲದೆ ಹೆದರಿಸುವ ಆ ಇನ್ನೊಂದು ದಾರಿ.

ಚೆನ್ನಾಗಿದ್ದರೆ ಉಳಿಯುತ್ತಿತ್ತಲ್ಲ ಎನ್ನಬಹುದು. ಆದರೆ ಆ ಕಾಲದ ನೈಟ್ರೇಟ್ ಫಿಲ್ಮು ಗುಣ ನೋಡಿ ಕೊಳೆಯುವುದಿಲ್ಲ, ಬೆಂಕಿ ವಿಮರ್ಶೆ ಓದುವುದಿಲ್ಲ. ಅಮೆರಿಕದ ಪೂರ್ಣಪ್ರಮಾಣದ ಮೂಕಿಚಿತ್ರಗಳಲ್ಲಿ ಶೇ. 70ರಷ್ಟು ನಾಶವಾಗಿವೆ. ಹಾಗೆಂದು ಸ್ಮೈಲಿಯವರ ಚಿತ್ರವನ್ನು ಮೇರುಕೃತಿ ಎನ್ನಬೇಕಿಲ್ಲ. ಕಥೆಯೆಲ್ಲ ಕಾದಂಬರಿ ಓದಿದವನೊಬ್ಬನ ಕನಸು ಎಂದು ಮುಗಿಸಿದ್ದು ನನಗೆ ಪುಕ್ಕಲುತನವೆಂದೇ ತೋರುತ್ತದೆ. ಪತ್ರಿಕಾ ವಿಮರ್ಶೆ, ಸ್ಥಿರಚಿತ್ರಗಳು ಸಾಲವೇ? ಕಥೆ ತಿಳಿಯಲು ಸಾಕು. ಸ್ಟ್ಯಾಂಡಿಂಗ್ ಹೇಗೆ ನಡೆದರು, ಹೇಗೆ ತಿರುಗಿ ನೋಡಿದರು ಎಂಬುದು ಅವುಗಳಲ್ಲಿ ಸಿಗದು. ಇದಕ್ಕೆ ವ್ಯತಿರಿಕ್ತವಾಗಿ, ಕಳೆದೇಹೋಯಿತೆಂದುಕೊಂಡಿದ್ದ ಎಡಿಸನ್ ಕಂಪನಿಯ 1910ರ ‘ಫ್ರಾಂಕೆನ್‌ಸ್ಟೈನ್’ ಸಂಗ್ರಾಹಕರೊಬ್ಬರ ಬಳಿ ಸಿಕ್ಕಿತು. ಕುದಿಯುವ ಕೊಪ್ಪರಿಗೆಯಿಂದ ದೈತ್ಯ ಮೈದಳೆಯುವ ಅದರ ದೃಶ್ಯವನ್ನು ಈಗ ಯಾರು ಬೇಕಾದರೂ ನೋಡಿ ತೂಗಬಹುದು.