ಎಂಜಿನ್‌ಗೂ ಉಸಿರು ಬೇಕು: ಬ್ರೀದರ್ ಕಟ್ಟಿದರೆ ಆಪತ್ತು

ಗಂಗಾವತಿ: ತುಂಗಭದ್ರಾ ಎಡದಂಡೆ ನಾಲೆಯ ಈ ಭಾಗದಲ್ಲಿ ಭತ್ತದ ಕೊಯ್ಲು ಆರಂಭವಾದರೆ ಕಟಾವು ಯಂತ್ರ, ಟ್ರ್ಯಾಕ್ಟರ್‌ಗಳಿಗೆ ಬಿಡುವಿಲ್ಲ. ಇಲ್ಲಿ ಗದ್ದೆಯ ಕೆಸರು. ಮಳೆಯಾಶ್ರಿತ ಕುಷ್ಟಗಿ, ಯಲಬುರ್ಗಾ ಕಡೆ ಹೊಲದ ದೂಳು. ಎಂಜಿನ್‌ನ ಒಂದು ಸಣ್ಣ ಕೊಳವೆಗೆ ಎರಡೂ ಶತ್ರುಗಳೇ. ಆ ಕೊಳವೆಯೇ ಬ್ರೀದರ್.

ಸಿಲಿಂಡರಿನಲ್ಲಿ ಇಂಧನ ಉರಿದಾಗ ಅನಿಲದ ಅಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತದೆ. ಹೊಸ ಎಂಜಿನ್‌ನಲ್ಲಿಯೂ ಇದು ಸಹಜ. ಈ ಅನಿಲ ಬ್ರೀದರ್ ಮೂಲಕ ಹೊರಹೋಗಬೇಕು. ದಾರಿ ಕಟ್ಟಿದರೆ ಒಳಗೆ ಒತ್ತಡ ಏರಿ ಆಯಿಲ್ ಸೀಲ್, ಗ್ಯಾಸ್ಕೆಟ್‌ಗಳಿಂದ ಎಣ್ಣೆ ಸೋರತೊಡಗುತ್ತದೆ. ಸೀಲ್ ಎಷ್ಟು ಬದಲಿಸಿದರೂ ಸೋರಿಕೆ ಮರುಕಳಿಸಿದರೆ ಮೊದಲು ನೋಡಬೇಕಾದುದು ಬ್ರೀದರ್ ಅನ್ನು.

<b>ರೇಸ್ ಕಾರಿನ ಪಾಠ</b>

ಸತತವಾಗಿ ಅತಿವೇಗದಲ್ಲಿ ಓಡುವ ರೇಸ್ ಕಾರುಗಳಲ್ಲಿ ಈ ಅನಿಲದೊಂದಿಗೆ ಎಣ್ಣೆಯ ಹನಿಗಳೂ ಹೊರಬರುತ್ತವೆ. ಟ್ರ್ಯಾಕ್ ಮೇಲೆ ಎಣ್ಣೆ ಬಿದ್ದರೆ ಹಿಂದಿನ ಕಾರು ಜಾರುತ್ತದೆ. ಆದ್ದರಿಂದ ಬ್ರೀದರ್ ತೆರೆದಿರುವ ಕಾರುಗಳಿಗೆ ಎಣ್ಣೆ ಸಂಗ್ರಹಿಸುವ ‘ಕ್ಯಾಚ್ ಕ್ಯಾನ್’ ಇರಬೇಕೆಂದು ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ನಿಯಮ ಮಾಡಿದೆ. 2000 ಸಿಸಿವರೆಗಿನ ಎಂಜಿನ್‌ಗೆ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್ ಸಾಮರ್ಥ್ಯ. ಒಳಗಿನ ಎಣ್ಣೆ ಹೊರಗೆ ಕಾಣುವಂತಿರಬೇಕು.

ಕ್ಯಾನ್ ಒಳಗೆ ಅಡ್ಡತಟ್ಟೆ ಅಥವಾ ಉಕ್ಕಿನ ನಾರು ಇರುತ್ತದೆ. ಅನಿಲ ಅದಕ್ಕೆ ತಾಗಿ ತಣಿದಾಗ ಎಣ್ಣೆ ತಳಕ್ಕಿಳಿಯುತ್ತದೆ. ಬರಿಯ ಡಬ್ಬಿಯಿಂದ ಹೆಚ್ಚು ಪ್ರಯೋಜನವಿಲ್ಲ. ಕೊಳವೆಯ ಒಳವ್ಯಾಸ ಬ್ರೀದರ್ ಬಾಯಿಗಿಂತ ಕಿರಿದಾಗಬಾರದು, ಮಡಿಚಿಕೊಳ್ಳಬಾರದು. ಎಣ್ಣೆ ನಿಲ್ಲುವ ತಗ್ಗೂ ಇರಬಾರದು. ಕ್ಯಾನ್ ಸೈಲೆನ್ಸರ್ ಹಾಗೂ ಟರ್ಬೊ ಶಾಖದಿಂದ ದೂರವಿರಬೇಕು.

<b>ಎಣ್ಣೆಯೇ ಇಂಧನವಾದಾಗ</b>

ಅನಿಲವನ್ನು ಮರಳಿ ಗಾಳಿಕೊಳವೆಗೆ ಸೇರಿಸುವ ಡೀಸೆಲ್ ಎಂಜಿನ್‌ನಲ್ಲಿ ಹೆಚ್ಚು ಎಣ್ಣೆ ಒಳಸೇರಿದರೆ ಅದೇ ಇಂಧನವಾಗಿ ಉರಿಯುತ್ತದೆ. ಆಗ ಡೀಸೆಲ್ ನಿಲ್ಲಿಸಿದರೂ ಎಂಜಿನ್ ನಿಲ್ಲದೆ ವೇಗ ಏರುತ್ತಲೇ ಹೋಗಬಹುದು. ಗಾಳಿ ಒಳಬರುವ ದಾರಿ ಮುಚ್ಚಿದರೆ ಮಾತ್ರ ನಿಂತೀತು. ಆದರೆ ಅದಕ್ಕೆ ಬರಿಗೈ ಒಡ್ಡುವುದು ಅಪಾಯಕಾರಿ.

ರಸ್ತೆಯ ಕಾರುಗಳ ಮಾತು ಬೇರೆ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಯ ಕಾರುಗಳಿಂದ ಈ ಅನಿಲವನ್ನು ಮತ್ತೆ ಎಂಜಿನ್‌ಗೇ ಕಳುಹಿಸುವ ಪಿಸಿವಿ ವಾಲ್ವ್ ಬಳಕೆಗೆ ಬಂತು. ಭಾರತದ ಹೊಗೆ ನಿಯಮದಂತೆಯೂ ಪೆಟ್ರೋಲ್ ಕಾರಿನ ಕ್ರ್ಯಾಂಕ್‌ಕೇಸ್ ಅನಿಲ ಹೊರಗೆ ಸೇರುವಂತಿಲ್ಲ. ಪಿಸಿವಿ ಕಿತ್ತು ಕೊಳವೆಯನ್ನು ಬಯಲಿಗೆ ಬಿಡುವುದು ನಿಯಮಬಾಹಿರ.

<b>ಸುಲಭ ಪರೀಕ್ಷೆ</b>

ಬಿಸಿಯಾದ ಎಂಜಿನ್ ನಿಧಾನಗತಿಯಲ್ಲಿರುವಾಗ ಎಣ್ಣೆ ತುಂಬುವ ಮುಚ್ಚಳವನ್ನು ಎಚ್ಚರದಿಂದ ಬಿಚ್ಚಿ, ತಲೆಕೆಳಗಾಗಿ ಸಡಿಲವಾಗಿ ಇಡಬೇಕು. ಸ್ವಲ್ಪ ಹಬೆ ಸಹಜ. ಮುಚ್ಚಳ ಕುಣಿದು ಹಾರಿಬಿದ್ದರೆ ರಿಂಗು, ಸಿಲಿಂಡರ್ ಸವೆದಿರುವ ಶಂಕೆ ಇದೆ. ಮೆಕ್ಯಾನಿಕ್‌ನಿಂದ ಕಂಪ್ರೆಷನ್ ಪರೀಕ್ಷೆ ಮಾಡಿಸುವುದು ಒಳಿತು. ಕ್ಯಾನ್ ಬೇಗ ತುಂಬುವುದೂ ಇದೇ ಸೂಚನೆ. ಕ್ಯಾನ್ ರೋಗವನ್ನು ತೋರಿಸುತ್ತದೆ, ಗುಣಪಡಿಸುವುದಿಲ್ಲ.

ಕ್ಯಾನ್‌ನಲ್ಲಿ ಸಂಗ್ರಹವಾದ ದ್ರವದಲ್ಲಿ ನೀರು, ಇಂಧನ ಬೆರೆತಿರುತ್ತವೆ. ಅದನ್ನು ಮತ್ತೆ ಎಂಜಿನ್‌ಗೆ ಸುರಿಯಬಾರದು, ನಾಲೆಗೂ ಚೆಲ್ಲಬಾರದು. ಕೊಯ್ಲಿಗೆ ಮುನ್ನ ಬ್ರೀದರ್ ತೊಳೆದು ಒಣಗಿಸಿ ಜೋಡಿಸಿದರೆ, ಸುಗ್ಗಿಯ ನಡುವೆ ಯಂತ್ರ ಗದ್ದೆಯಲ್ಲಿ ನಿಲ್ಲುವ ಒಂದು ಕಾರಣವಾದರೂ ತಪ್ಪುತ್ತದೆ.