ಮಡಗಾಸ್ಕರ್ ಕಳಚಿಕೊಂಡ ಕಡಲತೀರ

ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಲ್ಲುಕಂಬಗಳ ಮುಂದೆ ಫೋಟೊ ತೆಗೆಸಿಕೊಳ್ಳದೆ ಮರಳುವುದಿಲ್ಲ. ಐದು ಮೂಲೆ, ಆರು ಮೂಲೆ, ಏಳು ಮೂಲೆಯ ಕಂಬಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿವೆ. ವಾಸ್ಕೊ ಡ ಗಾಮ 1498ರಲ್ಲಿ ಇಲ್ಲಿ ಇಳಿದು ಹೆಸರಿಟ್ಟನೆಂಬ ಐತಿಹ್ಯವೂ ಜತೆಗಿದೆ. ಆದರೆ ಗಾಮನಿಗಿಂತ ಕಲ್ಲಿನ ಕತೆಯೇ ದೊಡ್ಡದು.

ಸುಮಾರು 9 ಕೋಟಿ ವರ್ಷಗಳ ಹಿಂದೆ ಇಲ್ಲಿ ಅರಬ್ಬಿ ಸಮುದ್ರವಿರಲಿಲ್ಲ. ಪಡುವಣಕ್ಕೆ ಅಂಟಿಕೊಂಡಿದ್ದುದು ಮಡಗಾಸ್ಕರ್. ಎರಡೂ ಒಂದೇ ನೆಲವಾಗಿ ಭೂಮಧ್ಯರೇಖೆಯಿಂದ ಬಹುದೂರ ದಕ್ಷಿಣದಲ್ಲಿದ್ದವು. ಆಳದಿಂದ ಉಕ್ಕಿದ ಶಾಖಕ್ಕೆ ಆ ನೆಲ ಹಿಗ್ಗಿ, ತೆಳುವಾಗಿ, ಬಿರಿಯಿತು. ಬಿರುಕಿನ ಆಸುಪಾಸು ಹರಿದ ಲಾವಾ ತಣಿಯುತ್ತ ಕುಗ್ಗಿ, ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಸೀಳುವಂತೆ ಮೇಲಿನಿಂದ ಕೆಳಕ್ಕೆ ಸೀಳಿತು. ಅವೇ ಈ ಕಂಬಗಳು. ದಖನ್ ಪ್ರಸ್ಥಭೂಮಿಯ ಕರಿಗಲ್ಲಿನ ಸಂಬಂಧಿ ಇದಲ್ಲ. ಅದಕ್ಕಿಂತ ಸುಮಾರು 2 ಕೋಟಿ ವರ್ಷ ಹಿರಿಯದು, ಜಾತಿಯೂ ಬೇರೆ.

ಖಂಡಗಳು ಚಲಿಸುತ್ತವೆ ಎಂದರೆ ನಂಬುವವರು ಯಾರು? 1864ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ಫಿಲಿಪ್ ಸ್ಕ್ಲೇಟರ್, ಮಡಗಾಸ್ಕರಿನ ಲೀಮರ್‌ಗಳ ಬಂಧುಗಳು ಭಾರತದಲ್ಲಿರುವುದಕ್ಕೆ ಕಾರಣ ಹುಡುಕುತ್ತ, ನಡುವೆ ಮುಳುಗಿಹೋದ ‘ಲೆಮೂರಿಯಾ’ ಎಂಬ ಖಂಡವನ್ನೇ ಕಲ್ಪಿಸಿದ. ವಿಜ್ಞಾನ ಕೈಬಿಟ್ಟ ಮೇಲೂ ಅದು ತಮಿಳರ ‘ಕುಮರಿ ಕಂಡಂ’ ಕಥನದೊಳಗೆ ಸೇರಿ ಬಾಳಿತು! ನೆಲ ಮುಳುಗಲಿಲ್ಲ, ಸರಿಯಿತು ಎಂದು 1912ರಲ್ಲಿ ವಾದಿಸಿದ ಜರ್ಮನಿಯ ಆಲ್ಫ್ರೆಡ್ ವೆಗನರ್ ಹವಾಮಾನ ವಿಜ್ಞಾನಿ. ಹೊರಗಿನವನ ಮಾತಿಗೆ ಬಹಳಷ್ಟು ಭೂವಿಜ್ಞಾನಿಗಳು ಸೊಪ್ಪು ಹಾಕಲಿಲ್ಲ. ಖಂಡಗಳನ್ನು ತಳ್ಳುವ ಬಲ ಯಾವುದೆಂಬ ಪ್ರಶ್ನೆಗೆ ಅವನಲ್ಲೂ ಗಟ್ಟಿ ಉತ್ತರವಿರಲಿಲ್ಲ. 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ಅವನು ತೀರಿಕೊಂಡ.

ಸಾಕ್ಷ್ಯ ಸಿಕ್ಕಿದ್ದು ಸಮುದ್ರದ ತಳದಲ್ಲಿ, ಅದೂ ನಮ್ಮ ಪಡುಗಡಲಿನಾಚೆಗೆ. ಭಾರತ, ಆಫ್ರಿಕಾಗಳ ನಡುವೆ ಕಾರ್ಲ್ಸ್‌ಬರ್ಗ್ ಏಣು ಎಂಬ ಮುಳುಗಿದ ಪರ್ವತಸಾಲಿದೆ. ಅಲ್ಲಿ ಉಕ್ಕುವ ಲಾವಾ ಗಟ್ಟಿಯಾಗುವಾಗ ಆ ಹೊತ್ತಿನ ಭೂಕಾಂತದ ದಿಕ್ಕನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ. ಭೂಮಿಯ ಕಾಂತಧ್ರುವಗಳಾದರೋ ಆಗಾಗ ಅದಲು ಬದಲಾಗುತ್ತವೆ. ಹೊಸ ತಳ ಹುಟ್ಟಿ ಎರಡೂ ಕಡೆಗೆ ಸರಿಯುತ್ತಿದ್ದರೆ, ಸಾಲಿನ ಅತ್ತಿತ್ತ ನೇರ, ತಿರುಗುಮುರುಗು ಪಟ್ಟೆಗಳು ಮೂಡಲೇಬೇಕು. ಈ ಏಣಿನ ಅಳತೆಗಳನ್ನೂ ಮುಂದಿಟ್ಟುಕೊಂಡು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಹೇಳಿದ್ದು ಅದನ್ನೇ. ಅಲ್ಲಿಂದ ಕೆಲವೇ ವರ್ಷಗಳಲ್ಲಿ ವಿರೋಧ ಕರಗಿತು.

ಮಡಗಾಸ್ಕರಿನಿಂದ ಬೇರ್ಪಟ್ಟ ಭಾರತ ಉತ್ತರಕ್ಕೆ ಓಡಿತೆಂದೇ ಹೇಳಬೇಕು. ಒಂದು ಹಂತದಲ್ಲಿ ಅದರ ವೇಗ ವರ್ಷಕ್ಕೆ 15 ಸೆಂ.ಮೀ. ದಾಟಿತ್ತು, ಖಂಡವೊಂದಕ್ಕೆ ಇದು ನಾಗಾಲೋಟ. ಈಗ ಮಲ್ಪೆಗೂ ಮಡಗಾಸ್ಕರಿಗೂ ನಡುವೆ ಸುಮಾರು 4,000 ಕಿ.ಮೀ. ನೀರಿದೆ. ಆದರೂ ಹಳೆಯ ನಂಟು ನೆಲದ ಆಕಾರದಲ್ಲಿ ಕಾಣುತ್ತದೆ. ನಮ್ಮ ಘಟ್ಟಗಳು ಪಡುವಣಕ್ಕೆ ಕಡಿದಾಗಿ ಇಳಿದರೆ, ಅಲ್ಲಿನ ಘಟ್ಟಗಳು ಮೂಡಣಕ್ಕೆ ಇಳಿಯುತ್ತವೆ. ಕಾವೇರಿ ಹುಟ್ಟುವುದು ಅರಬ್ಬಿ ಸಮುದ್ರದ ಹತ್ತಿರ. ಹರಿಯುವುದು ಸುಮಾರು 800 ಕಿ.ಮೀ. ಸಾಗಿ ಬಂಗಾಳ ಕೊಲ್ಲಿಗೆ. ಮಡಗಾಸ್ಕರಿನ ಉದ್ದದ ನದಿಗಳು ಇದಕ್ಕೆ ತದ್ವಿರುದ್ಧವಾಗಿ ಪಶ್ಚಿಮಕ್ಕೆ ಹೋಗುತ್ತವೆ. ಎರಡೂ ಕಡೆಯ ನೀರು, ಒಡೆದ ಅಂಚಿಗೆ ಬೆನ್ನು ಹಾಕಿಯೇ ಹರಿಯುತ್ತದೆ.

ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆದ ಮೇಲೂ ಭಾರತ ನಿಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂ.ಮೀ. ಈಶಾನ್ಯಕ್ಕೆ ಜರುಗುತ್ತಿದೆ. ಈ ತಳ್ಳಾಟದ ಒಂದು ಪಾಲು ಹಿಮಾಲಯದ ಬುಡದಲ್ಲಿ ಬಿಗಿದುಕೊಂಡು ಕೂರುತ್ತದೆ. 2015ರ ಏಪ್ರಿಲ್‌ನಲ್ಲಿ ನೇಪಾಳದಡಿ ಆ ಬಿಗಿತ ಸಡಿಲಿ 7.8 ಪ್ರಮಾಣದ ಭೂಕಂಪವಾದಾಗ, ಕಠ್ಮಂಡು ಕಣಿವೆ ಕೆಲವೇ ಕ್ಷಣಗಳಲ್ಲಿ ಒಂದು ಮೀಟರಿಗೂ ಹೆಚ್ಚು ದಕ್ಷಿಣಕ್ಕೆ ಸರಿದಿತ್ತು.