ಇಪ್ಪತ್ತೈದಕ್ಕೆ ಎಷ್ಟು?

ಕೋವಿಡ್ ಕಾಲದ 2021ರ ಏಪ್ರಿಲ್, ಮೇ ತಿಂಗಳು. ತುಮಕೂರಿನ ಸದಾಶಿವನಗರದ ನಮ್ಮ ಬೀದಿಯಲ್ಲಿ ಕಾಂಪೌಂಡಿನಾಚೆಯಿಂದ ಕೇಳಿಬರುತ್ತಿದ್ದ ಮಾತು ಒಂದೇ: ‘ಸ್ಕ್ಯಾನ್ ಆಯ್ತಾ? ಸ್ಕೋರ್ ಎಷ್ಟು ಬಂತಂತೆ?’ ಗುಬ್ಬಿ, ಕುಣಿಗಲ್‌ನ ನೆಂಟರು ಫೋನಿನಲ್ಲೂ ಅದನ್ನೇ ಕೇಳುವರು. ಇಪ್ಪತ್ತೈದಕ್ಕೆ ಐದು ಅಂದರೆ ಸಮಾಧಾನ, ಹದಿನೆಂಟು ಅಂದರೆ ಎದೆ ಧಸಕ್ಕೆನ್ನುವುದು. ಅಂಕ ಕಡಿಮೆ ಬರಲಪ್ಪಾ ಎಂದು ಮನೆಮಂದಿಯೆಲ್ಲ ದೇವರಿಗೆ ಕೈಮುಗಿಯುತ್ತಿದ್ದ ದಿನಗಳು ಅವು.

ಎಲ್ಲಿಂದ ಬಂತು ಈ ಇಪ್ಪತ್ತೈದು? ಬಲ ಶ್ವಾಸಕೋಶಕ್ಕೆ ಮೂರು ಹಾಲೆ, ಎಡಕ್ಕೆ ಎರಡು. ಒಂದೊಂದರಲ್ಲೂ ಎಷ್ಟು ಭಾಗಕ್ಕೆ ಸೋಂಕು ಹಬ್ಬಿದೆ ಎಂದು ರೇಡಿಯಾಲಜಿಸ್ಟ್ ಎದೆಯ ಸಿ.ಟಿ. ಸ್ಕ್ಯಾನ್ ನೋಡಿ ಕಣ್ಣಂದಾಜಿನಲ್ಲಿ ಐದರವರೆಗೆ ಅಂಕ ಹಾಕುತ್ತಾರೆ. ಶೇ 5ಕ್ಕಿಂತ ಕಡಿಮೆಯಿದ್ದರೆ 1, ಶೇ 75 ಮೀರಿದರೆ 5. ಗಾಳಿ ತುಂಬಿದ ಶ್ವಾಸಕೋಶ ಸಿ.ಟಿ. ಚಿತ್ರದಲ್ಲಿ ಕಪ್ಪಗೆ ಕಾಣುತ್ತದೆ. ಗಾಳಿಗೂಡುಗಳಲ್ಲಿ ಉರಿಯೂತದ ನೀರು ಸೇರಿದಷ್ಟೂ ಆ ಕಪ್ಪು ಬಿಳಿಚಿಕೊಂಡು ಬಚ್ಚಲುಮನೆ ಕಿಟಕಿಯ ಮಸುಕು ಗಾಜಿನಂತಾಗುತ್ತದೆ. ರಿಪೋರ್ಟಿನಲ್ಲಿ ‘ಗ್ರೌಂಡ್ ಗ್ಲಾಸ್’ ಎಂದು ಬರೆದಿರುತ್ತಿದ್ದುದು ಇದನ್ನೇ.

ಈ ಎಣಿಕೆ ಕೋವಿಡ್‌ಗೆಂದು ಹುಟ್ಟಿದ್ದಲ್ಲ. 2003ರ ಸಾರ್ಸ್‌ನಿಂದ ಬದುಕುಳಿದವರ ಶ್ವಾಸಕೋಶದಲ್ಲಿ ಏನು ಉಳಿದಿದೆ ಎಂದು ನೋಡಲು ತೈವಾನಿನ ವೈದ್ಯರು ಇದನ್ನು ಬಳಸಿ, 2005ರಲ್ಲಿ ‘ರೇಡಿಯಾಲಜಿ’ ಪತ್ರಿಕೆಯಲ್ಲಿ ಪ್ರಕಟಿಸಿದರು. 2020ರ ಫೆಬ್ರುವರಿಯಲ್ಲಿ ವುಹಾನ್‌ನ ಯೂನಿಯನ್ ಆಸ್ಪತ್ರೆಯವರು ಅದನ್ನೇ ಎತ್ತಿಕೊಂಡು 21 ರೋಗಿಗಳನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿದರು. ಲಕ್ಷಣ ಶುರುವಾದ ಸುಮಾರು 10ನೇ ದಿನಕ್ಕೆ ಹಾನಿ ತುತ್ತತುದಿ ಮುಟ್ಟುವುದು ಅವರಿಗೆ ಕಂಡಿತು.

ಇಡೀ ಕಥೆಯಲ್ಲಿ ನನ್ನನ್ನು ಈಗಲೂ ಕಾಡುವುದು ಈ ಹತ್ತನೇ ದಿನ. ಅಂಕ ನಮ್ಮ ಬೀದಿಯವರೆಗೂ ಬಂತು, ದಿನದ ಲೆಕ್ಕ ಬರಲಿಲ್ಲ. ಜ್ವರದ ಎರಡನೇ ದಿನವೇ ಸ್ಕ್ಯಾನ್ ಮಾಡಿಸಿ ‘ಬರೀ ಮೂರು’ ಎಂದು ನಿರಾಳವಾದ ಮನೆಯವರು ವಾರ ಕಳೆದ ಮೇಲೆ ಆಕ್ಸಿಜನ್ನಿಗೆ ಅಲೆದದ್ದನ್ನು ಕಂಡಿದ್ದೇನೆ. ಸೌಮ್ಯ ಲಕ್ಷಣದವರು ಸ್ಕ್ಯಾನಿಗೆ ಓಡಬೇಡಿ ಎಂದು ಏಮ್ಸ್‌ನ ಆಗಿನ ನಿರ್ದೇಶಕ ರಣದೀಪ್ ಗುಲೇರಿಯಾ ಹೇಳಿದ್ದು ಆ ಮೇ ತಿಂಗಳಲ್ಲಿ. ಖಾಸಗಿ ಕೇಂದ್ರಗಳ ಸ್ಕ್ಯಾನ್ ದರಕ್ಕೆ ರಾಜ್ಯ ಸರ್ಕಾರ 1,500 ರೂಪಾಯಿಯ ಮಿತಿ ಹಾಕಿದ್ದೂ ಆಗಲೇ.

ಸಿ.ಟಿ. ಯಂತ್ರವೇ ಇಲ್ಲದ ಊರುಗಳ ಗತಿ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್ಟ್‌ಪಾರ್ಕ್ ಮತ್ತು ನಿರಾಮಯ್ ಕಂಪನಿ ಸೇರಿ ‘ಎಕ್ಸ್‌ರೇ ಸೇತು’ ರೂಪಿಸಿದವು. ಹಳ್ಳಿಯ ವೈದ್ಯರು ಎದೆಯ ಎಕ್ಸ್‌ರೇಯನ್ನು ಮೊಬೈಲಿನಲ್ಲಿ ಫೋಟೊ ಹಿಡಿದು ವಾಟ್ಸ್ಆ್ಯಪ್ ಮಾಡಿದರೆ ಕಂಪ್ಯೂಟರ್ ಅದನ್ನು ಓದಿ ವರದಿ ಕಳಿಸುತ್ತಿತ್ತು.

ನಮ್ಮ ಕಡೆಯ ಹಿರಿಯ ವೈದ್ಯರೊಬ್ಬರು ಮಾತ್ರ ಸ್ಕ್ಯಾನ್ ಫಿಲ್ಮಿಗೆ ಕೈಚಾಚುವ ಮುಂಚೆ ಕೇಳುತ್ತಿದ್ದರು: ‘ಜ್ವರ ಬಂದು ಎಷ್ಟು ದಿನ ಆಯ್ತಮ್ಮ? ನಡೆದ್ರೆ ಏದುಸಿರು ಬರುತ್ತಾ?’ ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ, ಆರು ನಿಮಿಷ ವರಾಂಡದಲ್ಲಿ ನಡೆಸಿ, ರಕ್ತದ ಆಕ್ಸಿಜನ್ ಮಟ್ಟ ಶೇ 94ಕ್ಕಿಂತ ಕೆಳಗಿಳಿಯಿತೇ ಎಂದು ನೋಡುವರು. ಕವರಿನಿಂದ ಫಿಲ್ಮು ಹೊರಗೆ ಬರುತ್ತಿದ್ದುದು ಆಮೇಲೆಯೇ.